ಕಲ್ಲಜ್ಜಿಯ ಸಿಮೆಂಟು ತಲೆ

ಕಲ್ಲಜ್ಜಿಯ ತಲೆ ವಾಪಸು ಬರುತ್ತದೆಂಬ ಸುದ್ದಿ ಬಂದ ದಿನ ಊರಿಗೆ ಊರೇ ಕುಣಿಯಿತು. ನಾನೊಬ್ಬಳು ಗುಡಿಯ ಹಿಂದೆ ಹೋಗಿ ಕೂತು ಅತ್ತೆ.

ಸಂತೋಷಕ್ಕೆ ಅಳುತ್ತಿದ್ದೇನೆ ಎಂದೇ ಎಲ್ಲರೂ ತಿಳಿದರು. ನಮ್ಮ ಕಲ್ಲುಕೆಲಸದ ಮೇಸ್ತ್ರಿ ಛೇಂಗ್ ಅಣ್ಣ ಬಂದು, ಸಾಕು ಕಣೆ ಸಾರೆತ್, ನೀನು ಹೀಗೆ ಅತ್ತರೆ ಕಲ್ಲೆಲ್ಲ ಮತ್ತೆ ಪಾಚಿ ಕಟ್ಟುತ್ತದೆ, ಆಮೇಲೆ ನೀನೇ ಉಜ್ಜಬೇಕು ಎಂದು ತಮಾಷೆ ಮಾಡಿದ. ಕಲ್ಲಿನ ಪಾಚಿ ಉಜ್ಜುವುದೇ ನನ್ನ ಉದ್ಯೋಗ. ಗುಡಿ ರಿಪೇರಿಯ ಕಚೇರಿಯವರು ನಮ್ಮೂರಿನ ಹೆಂಗಸರನ್ನು ಆ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. ಬಿದಿರಿನ ಕಡ್ಡಿ, ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು, ಇಷ್ಟೇ ನಮ್ಮ ಆಯುಧ. ಅಪ್ಸರೆಯರ ಕಂಕುಳು, ದ್ವಾರಪಾಲಕರ ಮೂಗಿನ ಹೊಳ್ಳೆ, ಇವನ್ನೆಲ್ಲ ಉಜ್ಜಿ ಉಜ್ಜಿ ನನಗೆ ದೇವಲೋಕದವರ ಬಗ್ಗೆ ಇದ್ದ ಭಯವೆಲ್ಲ ಹೋಗಿಬಿಟ್ಟಿದೆ.

ನಮ್ಮ ಗುಡಿ ದೊಡ್ಡದೇನಲ್ಲ. ಸಿಯೆಮ್ ರೀಪ್‌ಗೆ ಬರುವ ಪ್ರವಾಸಿಗಳು ಇಲ್ಲಿಯವರೆಗೆ ಬರುವುದಿಲ್ಲ, ಬಂದರೂ ದಾರಿ ತಪ್ಪಿ ಬಂದಿರುತ್ತಾರೆ. ಒಂದೇ ಒಂದು ಇಟ್ಟಿಗೆಯ ಗೋಪುರ. ಮೇಲೆ ಹೋದಂತೆ ಇಟ್ಟಿಗೆಗಳು ಒಂದರ ಮೇಲೊಂದು ಒಳಕ್ಕೆ ಚಾಚುತ್ತಾ ಹೋಗಿ ತುದಿಯಲ್ಲಿ ಕೂಡಿಕೊಂಡಿವೆ, ಒಳಗೆ ನಿಂತು ಕತ್ತೆತ್ತಿದರೆ ಕತ್ತಲು ಬಿಟ್ಟು ಬೇರೇನೂ ಕಾಣದು. ನಾಲ್ಕು ದಿಕ್ಕಿಗೂ ಬಾಗಿಲುಂಟು. ಆದರೆ ಮೂರು ಬಾಗಿಲು ಬರೀ ಸುಳ್ಳು. ಮರದ ಬಾಗಿಲಿನ ಹಾಗೆ ಚಿಲಕ, ಪಟ್ಟಿ, ಗುಂಡುಮೊಳೆ ಎಲ್ಲವನ್ನೂ ಇಡೀ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದಾರೆ, ಯಾರು ತಳ್ಳಿದರೂ ತೆರೆಯುವುದಿಲ್ಲ. ತೆರೆಯುವುದು ಪೂರ್ವದ ಬಾಗಿಲು ಮಾತ್ರ. ಅದರ ಎದುರಿಗೆ, ಗರ್ಭಗುಡಿಯ ನಡುವೆ, ಎಮ್ಮೆಯ ತಲೆಯ ಮೇಲೆ ನಿಂತಿದ್ದಾಳೆ ನಮ್ಮ ಕಲ್ಲಜ್ಜಿ. ಓದಿದವರು ಅವಳನ್ನು ಮಹಿಷಮರ್ದಿನಿ ಎನ್ನುತ್ತಾರೆ. ನಮಗೆ ಅವಳು ಅಜ್ಜಿ. ಮಗುವಿಗೆ ಜ್ವರ ಬಂದರೆ, ಎತ್ತು ಕಳೆದರೆ, ಸೊಸೆ ಮುನಿಸಿಕೊಂಡು ಹೋದರೆ ಅವಳ ಮುಂದೆ ಬಾಳೆಹಣ್ಣು ಇಟ್ಟು ಹೇಳಿಕೊಳ್ಳುತ್ತೇವೆ.

ಅಜ್ಜಿಯ ತಲೆಯನ್ನು ಯುದ್ಧದ ಕಾಲದಲ್ಲಿ ಯಾರೋ ಗರಗಸ ಹಾಕಿ ಕೊಯ್ದುಕೊಂಡು ಹೋದರು. ಆಗ ನಾನಿನ್ನೂ ಕೂಸು. ಆಮೇಲೆ ಪೋಲ್ ಪಾಟ್‌ನವರ ಕಾಲ ಬಂತು, ಆಗ ಮನುಷ್ಯರ ತಲೆಗಳೇ ನಿಲ್ಲದಾಗ ಕಲ್ಲಿನ ತಲೆಯನ್ನು ಯಾರು ಕೇಳುತ್ತಾರೆ? ಆ ಕಾಲ ಮುಗಿದು, ಉಳಿದವರು ಊರಿಗೆ ಮರಳಿ ಗುಡಿಸಲು ಕಟ್ಟಿಕೊಂಡ ಮೇಲೆ, ರುಂಡವಿಲ್ಲದ ಅಜ್ಜಿಯ ಮುಂದೆ ಹೇಗೆ ಕೈಮುಗಿಯುವುದು ಎಂಬ ಮಾತು ಬಂತು. ಕೇಳಲು ಕಿವಿಯಿಲ್ಲ, ನೋಡಲು ಕಣ್ಣಿಲ್ಲ. ಆಗ ನನ್ನಪ್ಪ, ನಾನು ಮಾಡಿಕೊಡುತ್ತೇನೆ ಎಂದ.

ಅಪ್ಪ ಶಿಲ್ಪಿಯಲ್ಲ, ಗಾರೆಕೆಲಸದವನು. ಯುದ್ಧಕ್ಕೆ ಮುಂಚೆ ಗುಡಿ ರಿಪೇರಿಯಲ್ಲಿ ಕೂಲಿ ಮಾಡಿದ್ದ. ಎಲ್ಲೋ ಸೇತುವೆ ಕೆಲಸದಲ್ಲಿ ಚೆಲ್ಲಿದ್ದ ಸಿಮೆಂಟನ್ನು ಗೋಗರೆದು ತಂದ, ಮುರಿದ ಲಾರಿಯಿಂದ ಒಂದು ಕಬ್ಬಿಣದ ಸರಳು ಕಿತ್ತು ತಂದ. ಅಜ್ಜಿಯ ಕುತ್ತಿಗೆಯಲ್ಲಿ ತೂತು ಕೊರೆದು ಸರಳು ನಿಲ್ಲಿಸಿ, ಅದರ ಸುತ್ತ ಸಿಮೆಂಟು ಮೆತ್ತಿ, ಅಲ್ಲೇ ನಿಂತು ತಲೆ ಮಾಡಿದ. ಹಗಲೆಲ್ಲ ಗದ್ದೆಯ ಕೆಲಸ, ಹಾಗಾಗಿ ದಿನಾ ಬೆಳಗ್ಗೆ ಹೊತ್ತು ಹುಟ್ಟುವಾಗ ಹೋಗಿ, ಗಂಜಿ ಹೊತ್ತಿಗೆ ಬಿಟ್ಟು ಬರುತ್ತಿದ್ದ. ನಾನು ಅವನ ಜೊತೆ ಹೋಗಿ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ಕೂರುತ್ತಿದ್ದೆ. ಬಿಸಿಲಿಗೆ ಅಡ್ಡ ಬರಬೇಡ, ಸರಿ ಅತ್ತ, ಎಂದು ಗದರುತ್ತಿದ್ದ.

ಕೆಲಸ ಮುಗಿದ ದಿನ ಊರ ಹೆಂಗಸರು ನೋಡಲು ಬಂದರು. ಬೆಳಗಿನ ಹೊತ್ತು. ಬಂದವರು ಬಂದಲ್ಲೇ ನಿಂತರು. ಹೋರ್ನ್ ಚಿಕ್ಕಮ್ಮ ನನ್ನನ್ನು ಎಳೆದು ತನ್ನ ಸೊಂಟಕ್ಕೆ ಅವುಚಿಕೊಂಡು, "ಅಯ್ಯೋ, ಇದು ಯೀಮ್ ಅಲ್ವೇನ್ರೇ" ಎಂದಳು.

ಯೀಮ್ ನನ್ನಮ್ಮ. ಪೋಲ್ ಪಾಟ್‌ನವರು ಊರವರನ್ನೆಲ್ಲ ಗುಂಪು ಮಾಡಿ ತೋಡಿಸುತ್ತಿದ್ದ ಕಾಲುವೆಯ ಬಳಿ, ಜ್ವರದಲ್ಲೋ ಹಸಿವಿನಲ್ಲೋ, ಹೋದಳು. ಎಲ್ಲಿ ಹೂತರೋ ಅಪ್ಪನಿಗೂ ಗೊತ್ತಿಲ್ಲ. ನಾನಾಗ ಐದಾರು ವರ್ಷದ ಮಗು, ಅವಳ ಮುಖ ನನಗೆ ನೆನಪಿಲ್ಲ. ಹಣೆ ಮುಟ್ಟುತ್ತಿದ್ದ ಒರಟು ಅಂಗೈ ನೆನಪಿದೆ, ಮುಖ ಇಲ್ಲ. ಇದ್ದ ಒಂದೇ ಫೋಟೋದಲ್ಲಿ ಅವಳು ಪೇಟೆಯ ಸೀರೆಯಂಥ ರೇಷ್ಮೆ ಉಟ್ಟಿದ್ದಳಂತೆ. ಅಂಥ ಫೋಟೋ ಸಿಕ್ಕರೆ ಮನೆಮಂದಿಯನ್ನೆಲ್ಲ ಕೊಲ್ಲುತ್ತಿದ್ದ ಕಾಲವಾದ್ದರಿಂದ ಅಪ್ಪ ಅದನ್ನು ಒಲೆಗೆ ಹಾಕಿದ. ಆಮೇಲೆ ಆ ಮುಖವನ್ನೇ ಸಿಮೆಂಟಿನಲ್ಲಿ ಮಾಡಿದ. ಬೇಕೆಂದೇ ಮಾಡಿದೆಯಾ ಎಂದು ದೊಡ್ಡವಳಾದ ಮೇಲೆ ಕೇಳಿದ್ದಕ್ಕೆ, "ಕೈಗೆ ಬಂದದ್ದು ಬಂತು" ಎಂದಷ್ಟೇ ಅಂದ. ಆ ವಿಷಯ ಮತ್ತೆ ಎತ್ತದೆ ಸತ್ತ.

ಹಾಗೆ ನನಗೆ ಅಮ್ಮನ ಮುಖ ಸಿಕ್ಕಿತು. ಕೆಳದುಟಿ ಸ್ವಲ್ಪ ಮುಂದೆ, ಎಡಗಣ್ಣು ಸ್ವಲ್ಪ ಸಣ್ಣದು, ಏನೋ ಹೇಳಹೊರಟು ಬೇಡವೆಂದು ಸುಮ್ಮನಾದ ಬಾಯಿ. ಪ್ರತಿ ದಿನ ಬೆಳಗ್ಗೆ ಕೆಲಸಕ್ಕೆ ಮೊದಲು ಹೋಗಿ ನೋಡುತ್ತೇನೆ. ಅವಳಿನ್ನೂ ಮೂವತ್ತು ದಾಟದವಳು. ನಾನು ಐವತ್ತು ದಾಟಿದವಳು, ನನ್ನ ಮಗಳು ರುಮ್‌ದೂಲ್‌ಗಿಂತಲೂ ಅಮ್ಮ ಚಿಕ್ಕವಳಾಗಿಬಿಟ್ಟಿದ್ದಾಳೆ. ರುಮ್‌ದೂಲ್ ಒಮ್ಮೆ ಫೋನಿನಲ್ಲಿ ಅವಳ ಚಿತ್ರ ತೆಗೆದು ತೋರಿಸಿದಳು. ನೋಡಿದರೆ ಒಂದು ಸಿಮೆಂಟಿನ ಕುಂಬಳಕಾಯಿ. ಇದೇನೇ ನಿನ್ನ ಫೋನು, ಅಜ್ಜಿಯನ್ನು ತರಕಾರಿ ಮಾಡಿದೆಯಲ್ಲ, ಅಳಿಸಿಹಾಕು ಎಂದು ಬೈದೆ. ಫೋನಿಗೆ ಏನು ಗೊತ್ತು ಎಂದುಕೊಂಡೆ.

ಈಗ ನಿಜವಾದ ತಲೆ ಬರುತ್ತಿದೆ. ಯಾವುದೋ ದೇಶದ ಯಾವನೋ ಶ್ರೀಮಂತನ ನಡುಮನೆಯಲ್ಲಿ ಇಷ್ಟು ವರ್ಷ ದೀಪದ ಕೆಳಗೆ ಕೂತಿದ್ದದ್ದು. ಕುತ್ತಿಗೆಯ ಗರಗಸದ ಗುರುತಿಗೂ ಅದಕ್ಕೂ ಅಳತೆ ಸರಿಹೋಯಿತಂತೆ. ಪಿತೃಗಳ ಹಬ್ಬವಾದ ಪ್ಚುಮ್ ಬೆನ್‌ಗೆ ಸ್ವಲ್ಪ ಮುಂಚೆ ಮಂತ್ರಿಗಳೇ ಬಂದು ಕೂರಿಸುತ್ತಾರೆ ಎಂದು ಕಚೇರಿಯ ಬೋರಿನ್ ಹೇಳಿದ. ಬೋರಿನ್ ನನ್ನ ಮಗಳ ವಯಸ್ಸಿನ ಹುಡುಗ, ಓದಿದವನು, ಒಳ್ಳೆಯವನು. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಅವನನ್ನು ಗುಡಿಯ ಪಾವಟಿಗೆಯ ಮೇಲೆ ಕೂರಿಸಿಕೊಂಡು ಎಲ್ಲ ಹೇಳಿದೆ. ಅಮ್ಮನ ಮುಖ ಎಂಬುದನ್ನು ಹೊರಗಿನವನಿಗೆ ಹೇಳಿದ್ದು ಅದೇ ಮೊದಲು. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಎದ್ದು, ಒಳಗೆ ಕರೆದುಕೊಂಡು ಹೋಗಿ, ಅಜ್ಜಿಯ ಕುತ್ತಿಗೆಯ ಹತ್ತಿರ ಟಾರ್ಚು ಹಿಡಿದ.

"ಚಿಕ್ಕಮ್ಮ, ಇದನ್ನ ನೀವೇ ನೋಡಿರ್ತೀರಿ."

ನೋಡಿದ್ದೆ. ಉಜ್ಜುವವಳಿಗೆ ಕಾಣದೆ ಇರುತ್ತದೆಯೇ? ಕುತ್ತಿಗೆಯಿಂದ ಭುಜದವರೆಗೆ ಕೂದಲೆಳೆಯಂಥ ಬಿರುಕು, ಅದರ ಬಾಯಲ್ಲಿ ತುಕ್ಕಿನ ಕೆಂಪು. ಮಳೆಗಾಲ ಕಳೆದಂತೆಲ್ಲ ಅದು ಕೆಳಗಿಳಿಯುತ್ತಿತ್ತು. ನೋಡಿಯೂ ಯಾರಿಗೂ ಹೇಳಿರಲಿಲ್ಲ.

ಸರಳು ತುಕ್ಕು ಹಿಡಿದು ಊದಿಕೊಳ್ಳುತ್ತಿದೆ, ಒಳಗಿನಿಂದ ಕಲ್ಲನ್ನು ಸೀಳುತ್ತಿದೆ, ಸಿಮೆಂಟಿನ ಉಪ್ಪು ಮರಳುಗಲ್ಲನ್ನು ಪುಡಿ ಮಾಡುತ್ತಿದೆ ಎಂದು ಬೋರಿನ್ ವಿವರಿಸಿದ. ನಿಮ್ಮಪ್ಪನದು ತಪ್ಪಲ್ಲ, ಆಗ ದೊಡ್ಡ ದೊಡ್ಡ ಎಂಜಿನಿಯರುಗಳೂ ಕಬ್ಬಿಣ ಸಿಮೆಂಟೇ ಹಾಕುತ್ತಿದ್ದರು. ಗುಡಿ ಕಟ್ಟಿದವರು ಮಾತ್ರ ಕಲ್ಲಿಗೆ ಕಲ್ಲು, ಇಟ್ಟಿಗೆಗೆ ಇಟ್ಟಿಗೆ ತಿಕ್ಕಿ ತಿಕ್ಕಿ ಗಾರೆಯೇ ಇಲ್ಲದೆ ಕೂಡಿಸಿದ್ದರು ಎಂದ. ಆ ಹಳೆಯ ತಲೆ ಬಂದರೂ ಬರದಿದ್ದರೂ ಇದನ್ನು ತೆಗೆಯಲೇಬೇಕು. ಬಿಟ್ಟರೆ ಇನ್ನೊಂದೆರಡು ಮಳೆಗಾಲದಲ್ಲಿ ಎದೆಯವರೆಗೂ ಬಿರಿಯುತ್ತದೆ.

"ಪ್ಚುಮ್ ಬೆನ್ ಮುಗಿಯೋವರೆಗಾದ್ರೂ ಬಿಡಪ್ಪ," ಎಂದೆ. "ಅವಳಿಗೆ ಅಂತ್ಯಸಂಸ್ಕಾರ ಆಗಿಲ್ಲ, ಗೋರಿ ಇಲ್ಲ, ಬೂದಿ ಇಲ್ಲ. ವರ್ಷಕ್ಕೊಂದ್ಸಲ ಇಲ್ಲೇ ಅನ್ನ ಇಡೋದು ನಾನು. ಬಂದವಳು ತನ್ನ ಮುಖ ನೋಡಿ ಇದೇ ಜಾಗ ಅಂತ ಗುರುತು ಹಿಡೀತಾಳೆ."

ಅವನು ಟಾರ್ಚು ಆರಿಸಿದ. ದಿನ ಗೊತ್ತುಮಾಡುವವರು ನಾವಲ್ಲ ಚಿಕ್ಕಮ್ಮ, ನನ್ನ ಮೇಲಿನವರೂ ಅಲ್ಲ, ಎಂದ. ಆಮೇಲೆ ಸಮಾಧಾನ ಮಾಡಲೆಂದು ಬಾಗಿಲ ಚೌಕಟ್ಟಿನ ಶಾಸನದ ಮೇಲೆ ಬೆರಳಿಟ್ಟ. ಆ ಅಕ್ಷರಗಳ ಹೊಟ್ಟೆಯ ಪಾಚಿಯನ್ನೆಲ್ಲ ತೆಗೆದವಳು ನಾನೇ, ಏನು ಬರೆದಿದೆ ಎಂದು ಯಾರೂ ಹೇಳಿರಲಿಲ್ಲ.

"ಗುಡಿ ಕಟ್ಸಿದವನು ರಾಜನ ಹತ್ರ ಇದ್ದ ಒಬ್ಬ ಅಧಿಕಾರಿ. ಸತ್ತ ತಾಯಿ ಹೆಸರಲ್ಲಿ ಈ ದೇವೀನ ನಿಲ್ಸಿದೀನಿ ಅಂತ ಬರ್ಸಿದಾನೆ. ಅಂದ್ರೆ ಆ ತಲೆನೂ ಒಬ್ಬನ ತಾಯಿನೇ ಚಿಕ್ಕಮ್ಮ."

ಇದನ್ನು ಕೇಳಿದ ಮೇಲೆ ನನ್ನ ಸಿಟ್ಟಿಗೆ ನಿಲ್ಲಲು ನೆಲವೇ ಇಲ್ಲದಂತಾಯಿತು. ಅಲ್ಲಿಯವರೆಗೆ ಬರುವವಳನ್ನು ಕಳ್ಳನ ಮನೆಯಲ್ಲಿ ತಿಂದುಂಡು ಕೊಬ್ಬಿದವಳು ಎಂದು ಒಳಗೊಳಗೇ ಬೈಯುತ್ತಿದ್ದೆ. ಈಗ ಬೈಯುವುದು ಯಾರನ್ನು? ಸಾವಿರ ವರ್ಷದ ಹಿಂದೆ ಒಬ್ಬ ಮಗ ತಾಯಿಗೆ ಮುಖ ಮಾಡಿಸಿಟ್ಟಿದ್ದ. ಆ ಜಾಗದಲ್ಲಿ ನನ್ನ ತಾಯಿ ನಲವತ್ತು ವರ್ಷ ಬಾಡಿಗೆಯಿಲ್ಲದೆ ಇದ್ದಳು. ಈಗ ಮನೆಯವರು ಬಂದಿದ್ದಾರೆ, ಬಿಡಬೇಕು. ನ್ಯಾಯವೇ ಅದು. ನ್ಯಾಯ ಎಂದು ಗೊತ್ತಾದರೆ ಹೊಟ್ಟೆಯ ಉರಿ ತಣ್ಣಗಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಒಂದು ದಾರಿ ಉಳಿದಿತ್ತು. ಅಜ್ಜಿಯ ಮೈಯಿಂದ ಏನನ್ನೇ ತೆಗೆಯಬೇಕಾದರೂ ಅವಳ ಅಪ್ಪಣೆ ಬೇಕು. ಕಚೇರಿಯವರೂ ಅದನ್ನು ಮೀರುವುದಿಲ್ಲ. ಅಪ್ಪಣೆ ಇಲ್ಲದೆ ಒಂದು ಇಟ್ಟಿಗೆ ಕಿತ್ತರೂ ನಮ್ಮೂರ ಆಳುಗಳು ಹಾರೆ ಕೆಳಗಿಟ್ಟು ಮನೆಗೆ ಹೋಗುತ್ತಾರೆ. ಅಜ್ಜಿ ಮೈದುಂಬಿ ಮಾತಾಡುವುದು ಹೋರ್ನ್ ಚಿಕ್ಕಮ್ಮನ ಮೇಲೆ. ಬೆಳಗ್ಗೆ ಅಕ್ಕಿ ಶಾವಿಗೆ ಮೀನಿನ ಸಾರು ಮಾರುವ ಮುದುಕಿ, ಅಜ್ಜಿ ಬಂದಾಗ ಮಾತ್ರ ಬೇರೆಯೇ ಆಗುತ್ತಾಳೆ. ಅಮ್ಮನ ಜೊತೆ ಅದೇ ಕಾಲುವೆಯಲ್ಲಿ ಮಣ್ಣು ಹೊತ್ತವಳು ಅವಳು.

ಎಲೆ ಅಡಿಕೆ ತೆಗೆದುಕೊಂಡು ಅವಳ ಮನೆಗೆ ಹೋದೆ. ಅದೂ ಇದೂ ಮಾತಾಡಿದೆ. ಸಾರಿಗೆ ಈ ಸಲ ಮೀನು ಕಮ್ಮಿ ಹಾಕ್ತೀಯಂತೆ, ಊರೆಲ್ಲ ಬೈತಾ ಇದೆ ಎಂದೆ. ಬೈಯೋರು ಬಟ್ಟಲು ನೆಕ್ಕೋದನ್ನೂ ನಾನು ನೋಡಿದೀನಿ ಎಂದಳು. ಆಮೇಲೆ ಅವಳೇ ಸುಣ್ಣ ಹಚ್ಚುತ್ತಾ, "ಬಂದ ವಿಷಯ ಹೇಳು," ಎಂದಳು.

ಹೇಳಿದೆ. ಅಜ್ಜಿ ಬೇಡ ಅಂದುಬಿಟ್ಟರೆ ಯಾರೂ ಮುಟ್ಟುವುದಿಲ್ಲ ಎಂದೆ. ಬೇಡ ಅನ್ನು ಎಂದು ಬಾಯಿಬಿಟ್ಟು ಕೇಳಲಿಲ್ಲ. ಕೇಳಬಾರದ್ದು ಅದು.

"ನಾನೇನು ಹೇಳ್ತೀನೇ ಸಾರೆತ್? ಬಂದವಳು ಹೇಳ್ತಾಳೆ. ಎದ್ದ ಮೇಲೆ ನಂಗೆ ಮಂಡಿನೋವು ಬಿಟ್ರೆ ಏನೂ ಇರಲ್ಲ." ಎಲೆ ಮಡಿಚಿ ಬಾಯಿಗಿಟ್ಟುಕೊಂಡಳು. "ಆದ್ರೆ ನಂಗೂ ಆ ಮುಖ ಬೇಕು ಕಣೆ. ಅವಳಿಗೆ ನಾನು ಮಣ್ಣು ಕೊಡಕ್ಕಾಗ್ಲಿಲ್ಲ."

ನಾನು ಹಗುರಾಗಿ ಮನೆಗೆ ಬಂದೆ. ರುಮ್‌ದೂಲ್ ನನ್ನ ಮುಖ ನೋಡಿ, ಏನಮ್ಮ, ಯಾರಿಗಾದರೂ ಬೈದು ಗೆದ್ದು ಬಂದೆಯಾ ಎಂದು ಕೇಳಿದಳು.

ಅಪ್ಪಣೆ ಕೇಳುವ ದಿನ ಊರವರೆಲ್ಲ ಗುಡಿಯ ಮುಂದೆ ಚಾಪೆ ಹಾಸಿ ಕೂತರು. ಬೇಯಿಸಿದ ಹಂದಿಯ ತಲೆ, ಕೋಳಿ, ಅಕ್ಕಿಯ ಹೆಂಡ, ಬಾಳೆದಿಂಡಿನಲ್ಲಿ ಚುಚ್ಚಿದ ಊದುಬತ್ತಿ. ತಮಟೆಯವನು ಬಡಿಯುತ್ತಿದ್ದ ಹಾಗೇ ಹೋರ್ನ್ ಚಿಕ್ಕಮ್ಮನ ಹೆಗಲು ನಡುಗತೊಡಗಿತು. ಛೇಂಗ್ ಅಣ್ಣ ಕೈಮುಗಿದು, ತಾಯೀ, ಹಳೆಯ ತಲೆ ಬಂದಿದೆ, ಈಗಿರುವುದನ್ನು ಇಳಿಸಬಹುದೇ ಎಂದು ಕೇಳಿದ. ನಾನು ಹೆಗಲ ಮೇಲಿನ ಚೌಕಳಿ ಕ್ರಮಾ ವಸ್ತ್ರದ ಅಂಚನ್ನು ಬಾಯಲ್ಲಿ ಕಚ್ಚಿಕೊಂಡು ಕೂತಿದ್ದೆ.

ಹೋರ್ನ್ ಚಿಕ್ಕಮ್ಮನ ಬಾಯಿಂದ ಬಂದ ದನಿ ಅವಳದಾಗಿರಲಿಲ್ಲ. "ಕುತ್ತಿಗೆ ಉರೀತಿದೆ," ಎಂದಿತು ಅದು. "ಎಷ್ಟು ವರ್ಷದಿಂದ ಉರೀತಿದೆ, ಯಾರೂ ಕೇಳ್ಲಿಲ್ಲ. ಇಳ್ಸಿ. ಬೇಗ ಇಳ್ಸಿ."

ಊರೆಲ್ಲ ಸಾಧು ಸಾಧು ಎಂದಿತು. ನನ್ನ ಬಾಯಿಂದಲೂ ಅದೇ ಬಂತು, ಕೈ ತಾನಾಗಿಯೇ ಮುಗಿದುಕೊಂಡಿತು. ಅಜ್ಜಿಯ ಕುತ್ತಿಗೆ ಉರಿಯುತ್ತಿದೆ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಿದ್ದವಳು ನಾನು. ಇಲ್ಲ ಎನ್ನಲು ನನಗೆ ಯಾವ ಮುಖವಿತ್ತು?

ಮೈಯಿಳಿದ ಮೇಲೆ ಹೋರ್ನ್ ಚಿಕ್ಕಮ್ಮ ಮಂಡಿ ತಿಕ್ಕಿಕೊಳ್ಳುತ್ತಾ ನನ್ನನ್ನು ಹುಡುಕಿಕೊಂಡು ಬಂದಳು. ಕೈ ಹಿಡಿದುಕೊಂಡು, "ಬೇಡ ಅಂತ ಹೇಳ್ಬೇಕು ಅಂತ್ಲೇ ಮನಸ್ಸಲ್ಲಿ ಇಟ್ಕೊಂಡು ಕೂತಿದ್ದೆ ಕಣೆ," ಎಂದಳು. "ಏನ್ ಹೇಳ್ದೆ ನಾನು?"

ಏನಿಲ್ಲ ಚಿಕ್ಕಮ್ಮ, ಸರಿಯಾದ್ದೇ ಹೇಳಿದೆ ಎಂದೆ.

ಇನ್ನು ನನಗೆ ಬೇಕಾದದ್ದು ಒಂದೇ. ತಲೆ ಒಡೆಯದೆ ಇಡಿಯಾಗಿ ಇಳಿಯಬೇಕು. ಸರಳು ಹಣೆಯವರೆಗೂ ಹೋಗಿದೆ, ಸಿಮೆಂಟು ಒಡೆದು ಚೂರುಚೂರಾಗಿ ತೆಗೆಯುವುದೇ ಸುಲಭ, ಕಲ್ಲಿಗೆ ಪೆಟ್ಟಾಗುವುದಿಲ್ಲ ಎಂದು ಕಚೇರಿಯವರು ಲೆಕ್ಕ ಹಾಕಿದ್ದರು. ನಾನು ಛೇಂಗ್ ಅಣ್ಣನ ಬೆನ್ನು ಬಿದ್ದೆ. ಅವನು ಅಪ್ಪನ ಕೈಕೆಳಗೆ ಕೆಲಸ ಕಲಿತವನು, ನನ್ನ ಜೊತೆ ಆಡಿ ಬೆಳೆದವನು. ಊಟಕ್ಕೆ ಕೂತರೆ ಎದುರಿಗೆ ಕೂತೆ, ಅಟ್ಟಣಿಗೆ ಹತ್ತಿದರೆ ಕೆಳಗೆ ನಿಂತೆ. ಕೊನೆಗೆ ಅವನು ಕೈಮುಗಿದು, "ಮಾರಾಯ್ತಿ, ನನ್ನ ಹೆಂಡ್ತಿನೂ ಇಷ್ಟು ಕಾಡಲ್ಲ. ಕಣ್ಣಿನ ರೆಪ್ಪೆನೂ ಉದುರದ ಹಾಗೆ ಇಳ್ಸಿಕೊಡ್ತೀನಿ, ಕೆಲ್ಸ ಮಾಡಕ್ಕೆ ಬಿಡು," ಎಂದ.

ಮಾತು ಉಳಿಸಿಕೊಂಡ. ಸುತ್ತಿಗೆ ಮುಟ್ಟಲಿಲ್ಲ. ಗಲ್ಲದ ಕೆಳಗೆ, ಕಲ್ಲು ಮುಗಿದು ಸಿಮೆಂಟು ಶುರುವಾಗುವ ಜಾಗದಲ್ಲಿ, ತಂತಿಯಂಥ ಸಣ್ಣ ಗರಗಸ ಹಿಡಿದು, ನೀರು ಬಿಡುತ್ತಾ ಬಿಡುತ್ತಾ ಸರಳನ್ನು ಕೊಯ್ದ. ನೀರು ಬಿಡುತ್ತಿದ್ದವಳು ನಾನು. ಅಪ್ಪ ಮಾಡುವಾಗಲೂ ನೀರು ಹಿಡಿದಿದ್ದೆ, ಕೊಯ್ಯುವಾಗಲೂ ಹಿಡಿದೆ. ಅಜ್ಜಿಯ ಎದೆಯ ಮೇಲೆ ತುಕ್ಕಿನ ಕೆಂಪು ನೀರು ಇಳಿಯುತ್ತಿತ್ತು, ಒರೆಸುತ್ತಿದ್ದೆ. ಸಂಜೆಯ ಹೊತ್ತಿಗೆ ತಲೆ ಸಡಿಲವಾಗಿ ಛೇಂಗ್ ಅಣ್ಣನ ಕೈಗೆ ಬಂತು. ಒಂದು ಸೀಳಿಲ್ಲ. ಅವನು ಅದನ್ನು ಮಗು ಎತ್ತಿಕೊಂಡ ಹಾಗೆ ಇಳಿಸಿ ಹುಲ್ಲಿನ ಮೇಲೆ ಇಟ್ಟ. ನನಗೆ ಎಷ್ಟು ಸಂತೋಷವಾಯಿತೆಂದರೆ ಅವನ ಕಾಲು ಮುಟ್ಟಲು ಹೋದೆ. ಹುಚ್ಚಿ, ಏಳು, ನಾನೇನು ಭಿಕ್ಷುವಾ ಎಂದ.

ಇಳಿಸಿದ ತಲೆಯನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆ ಬಂತು. ಮನೆಗೆ ತರುವ ಮಾತೇ ಇಲ್ಲ. ಗುಡಿಯದನ್ನು ಮನೆಗೆ ತಂದವರು ಉದ್ಧಾರವಾದದ್ದನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ. ಅದೂ ನಲವತ್ತು ವರ್ಷ ಪೂಜೆ ತಿಂದ ತಲೆ. ರುಮ್‌ದೂಲ್ ಬಸುರಿ, ನಾನು ಕೇಳುವ ಮುಂಚೆಯೇ ಬೇಡಮ್ಮ ಎಂದಳು, ನಾನೂ ಒತ್ತಾಯ ಮಾಡಲಿಲ್ಲ. ಗುಡಿಯ ಅಂಗಳದಲ್ಲಿ ಒಂದು ಪುಟ್ಟ ಗೂಡು ಕಟ್ಟಿ ಇಡೋಣವೆಂದರೆ, ಒಂದು ಮೈಗೆ ಎರಡು ತಲೆ ಒಂದೇ ಕಡೆ ಇರಬಾರದು ಎಂದು ಊರ ಹಿರಿಯರು ಒಪ್ಪಲಿಲ್ಲ. ಬೋರಿನ್ ಬಂದು, ಪೇಟೆಯ ಉಗ್ರಾಣದಲ್ಲಿ ಇಡುತ್ತೇವೆ, ಮಳೆಯಿಲ್ಲ, ಕಳ್ಳರಿಲ್ಲ, ನೀವು ಯಾವಾಗ ಬೇಕಾದರೂ ಬಂದು ನೋಡಿ ಎಂದ. ನಿಮ್ಮಪ್ಪನ ಕೆಲಸವೂ ಈಗ ಇತಿಹಾಸವೇ ಚಿಕ್ಕಮ್ಮ ಎಂದ. ಗೋಣಿಯಲ್ಲಿ ಸುತ್ತಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ನಾನೇ ಮಲಗಿಸಿದೆ. ಲಾರಿ ಹೋಗುವಾಗ ಅಳಲಿಲ್ಲ. ಒಡೆಯಲಿಲ್ಲವಲ್ಲ ಎಂಬ ಸಮಾಧಾನ ದೊಡ್ಡದಾಗಿತ್ತು.

ಮಂತ್ರಿಗಳು ಬಂದರು, ಮೈಕು ಬಂತು, ಶಾಲೆಯ ಮಕ್ಕಳು ಬಿಸಿಲಲ್ಲಿ ಬಾವುಟ ಹಿಡಿದು ನಿಂತರು. ತುಕ್ಕು ಹಿಡಿಯದ ಹೊಸ ಸರಳಿನ ಮೇಲೆ ಹಳೆಯ ತಲೆ ಕೂತಿತು. ಚೆನ್ನಾಗಿತ್ತು. ಸುಳ್ಳು ಹೇಳಲಾರೆ, ಬಹಳ ಚೆನ್ನಾಗಿತ್ತು. ಅರೆಮುಚ್ಚಿದ ಕಣ್ಣು, ತುಟಿಯಂಚಿನ ನಗು, ಎಲ್ಲರನ್ನೂ ಬಲ್ಲವಳ ಹಾಗೆ ಕಾಣುತ್ತಾಳೆ. ನನ್ನನ್ನು ಮಾತ್ರ ಅವಳು ಬಲ್ಲವಳಲ್ಲ. ಕೈಮುಗಿದು ಬಂದೆ.

ಪ್ಚುಮ್ ಬೆನ್ ಬಂತು. ಸತ್ತವರು ಬಿಡುಗಡೆಯಾಗಿ ಬಂದು, ನಮ್ಮ ಮಕ್ಕಳು ನಮಗೆ ಅನ್ನ ಇಟ್ಟಿದ್ದಾರೆಯೇ ಎಂದು ಏಳು ವಿಹಾರ ಸುತ್ತಿ ಹುಡುಕುವ ದಿನಗಳು. ಬೆಳಕು ಹರಿಯುವ ಮುಂಚೆ ಎಲ್ಲರ ಜೊತೆ ವಿಹಾರಕ್ಕೆ ಸುತ್ತು ಬಂದು ಎಳ್ಳು ಸೇರಿಸಿದ ಅನ್ನದ ಉಂಡೆ ಎಸೆದೆ. ಒಂದು ಉಂಡೆಯನ್ನು ಬಾಳೆಲೆಯಲ್ಲಿ ಕಟ್ಟಿ ಉಳಿಸಿಕೊಂಡೆ. ಅದನ್ನು ಅಮ್ಮನ ಮುಖದ ಮುಂದೆ ಇಡಬೇಕಿತ್ತು. ಅಳಿಯನ ಮೋಟಾರು ಬೈಕು ಹತ್ತಿ ಪೇಟೆಗೆ ಹೋದೆ.

ಉಗ್ರಾಣದ ಬಾಗಿಲಲ್ಲಿ ಕಾವಲಿನವನು ಚೀಲ ನೋಡಿ, ಅನ್ನ ಒಳಗೆ ಬಿಡುವ ಹಾಗಿಲ್ಲ ಅಮ್ಮ, ಇರುವೆ ಬರುತ್ತವೆ ಎಂದ. ಚೀಲ ಅವನ ಹತ್ತಿರವೇ ಇಟ್ಟೆ. ಒಳಗೆ ಕನ್ನಡಕ ಹಾಕಿದ ಒಬ್ಬ ಹುಡುಗಿ ನನ್ನ ಊರಿನ ಹೆಸರು ಕೇಳಿ, ಬನ್ನಿ ಎಂದು ಕರೆದುಕೊಂಡು ಹೋದಳು. ಕಬ್ಬಿಣದ ಅಟ್ಟಗಳ ಸಾಲು. ಕೈಗಳು, ಕಾಲುಗಳು, ಸಿಂಹದ ಬಾಯಿ, ನಾಗನ ಹೆಡೆ. ಮೇಲೆ ಟ್ಯೂಬ್‌ಲೈಟು, ಯಾವುದಕ್ಕೂ ನೆರಳೇ ಇಲ್ಲದಂಥ ಬಿಳಿ ಬೆಳಕು. ಕೊನೆಯ ಸಾಲಿಗೆ ಹೋದಾಗ ಸಿಮೆಂಟಿನ ತಲೆಗಳು. ಒಂದಲ್ಲ, ಒಂದು ಅಟ್ಟದ ತುಂಬ. ಎಲ್ಲ ಊರಲ್ಲೂ ಕಳ್ಳರು ಬಂದಿದ್ದರು, ಎಲ್ಲ ಊರಲ್ಲೂ ಯಾರೋ ಒಬ್ಬರು ಸಿಮೆಂಟು ಕಲಸಿದ್ದರು. ಅದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ನಾನು ಸಾಲಿನ ಉದ್ದಕ್ಕೂ ನೋಡುತ್ತಾ ನಡೆದೆ. ಕಣ್ಣು ಕೊರೆದ ಉಂಡೆಗಳು, ಬಣ್ಣ ಬಳಿದ ಉಂಡೆಗಳು, ಮೂಗು ಹೋದವು. ತುದಿ ಮುಟ್ಟಿದೆ. ಇದರಲ್ಲಿ ಇಲ್ಲವಲ್ಲಮ್ಮ, ಬೇರೆ ಕಡೆ ಇಟ್ಟಿರಬೇಕು ಎಂದೆ.

ಹುಡುಗಿ ಚೀಟಿಗಳನ್ನು ನೋಡುತ್ತಾ ಹಿಂದಕ್ಕೆ ಬಂದಳು. ನಾನು ಆಗಲೇ ದಾಟಿ ಬಂದಿದ್ದ ಒಂದರ ಮುಂದೆ ನಿಂತು, "ಇದೇ ಅಲ್ವಾ ಅಮ್ಮ, ನಿಮ್ಮೂರಿಂದು?" ಎಂದಳು.

ಅದೇ. ಗಲ್ಲದ ಕೆಳಗೆ ಛೇಂಗ್ ಅಣ್ಣನ ಗರಗಸದ ಗೀರು ಇತ್ತು, ಸರಳಿನ ತುಂಡು ಇತ್ತು. ಕೆಳದುಟಿ ಇರಬೇಕಾದಲ್ಲಿ ಒಂದು ದಿಬ್ಬ, ಎಡಗಣ್ಣು ಇರಬೇಕಾದಲ್ಲಿ ಒಂದು ಗೀಟು. ರುಮ್‌ದೂಲ್‌ಳ ಫೋನಿನಲ್ಲಿ ಕಂಡ ಕುಂಬಳಕಾಯಿ. ಹತ್ತಿರ ಹೋದೆ, ದೂರ ನಿಂತೆ, ಈ ಪಕ್ಕದಿಂದ ನೋಡಿದೆ, ಆ ಪಕ್ಕದಿಂದ ನೋಡಿದೆ. ಅಮ್ಮ ಇರಲಿಲ್ಲ. ಆಗ ನನಗೆ ಅಪ್ಪ ಗದರುತ್ತಿದ್ದದ್ದು ನೆನಪಾಯಿತು, ಬಿಸಿಲಿಗೆ ಅಡ್ಡ ಬರಬೇಡ ಎಂದು. ಅವನು ಮುಖವನ್ನು ಸಿಮೆಂಟಿನಲ್ಲಿ ಅರ್ಧವೇ ಮಾಡಿದ್ದ. ಮಿಕ್ಕದ್ದನ್ನು ಆ ಬಾಗಿಲಿನಿಂದ ಬರುವ ಬೆಳಗಿನ ಬಿಸಿಲಿಗೆ ಬಿಟ್ಟಿದ್ದ. ಆ ಬಾಗಿಲು ಅಲ್ಲಿದೆ, ಬಿಸಿಲೂ ಅಲ್ಲಿದೆ, ಅದೀಗ ಇನ್ನೊಬ್ಬನ ತಾಯಿಯ ಮೇಲೆ ಬೀಳುತ್ತಿದೆ.

ಈ ಕೋಣೆಗೆ ಕಿಟಕಿ ಇಲ್ಲವೇ ಎಂದು ಕೇಳಿದೆ.

"ಬೇಕಂತ್ಲೇ ಇಟ್ಟಿಲ್ಲ ಅಮ್ಮ. ಬಿಸಿಲು ಬಿದ್ರೆ ಹಾಳಾಗತ್ತೆ ಅಂತ."

ಆ ಹುಡುಗಿ ಒಳ್ಳೆಯವಳು. ನಿಮಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇರಿ ಎಂದು ಒಂದು ಕುರ್ಚಿ ತಂದು ಹಾಕಿದಳು. ನಾನು ಕೂರಲಿಲ್ಲ. ಕೆನ್ನೆ ಮುಟ್ಟಿ ನೋಡಬಹುದೇ ಎಂದು ಕೇಳಬೇಕೆಂದುಕೊಂಡೆ, ಅದನ್ನೂ ಕೇಳಲಿಲ್ಲ.

ಕಾವಲಿನವನು ಬಾಳೆಲೆಯ ಪೊಟ್ಟಣವನ್ನು ಜೋಪಾನವಾಗಿ ವಾಪಸು ಕೊಟ್ಟ. ರಸ್ತೆಗೆ ಬಂದು ಅದನ್ನು ಬಿಚ್ಚಿದೆ. ಅಮ್ಮ ಊರಿನ ಗುಡಿಗೆ ಬಂದಿರುತ್ತಾಳೆ, ಬಾಗಿಲಲ್ಲಿ ನಿಂತು, ಒಳಗೆ ಬೇರೆ ಯಾರದೋ ಮುಖ ನೋಡಿ, ಜಾಗ ತಪ್ಪಿ ಬಂದೆನೆಂದು ಹೊರಟಿರುತ್ತಾಳೆ. ಹಸಿದವಳು. ಉಂಡೆ ಕೈಯಲ್ಲಿ ಹಿಡಿದುಕೊಂಡು, ಯಾವ ದಿಕ್ಕಿಗೆ ಎಸೆಯುವುದೆಂದು ತಿಳಿಯದೆ ಅಲ್ಲೇ ನಿಂತಿದ್ದೆ. ಅಳಿಯ ಮೋಟಾರು ಶುರುಮಾಡಿ, ಹೋಗೋಣವಾ ಅತ್ತೆ ಎಂದು ಕೇಳಿದ.